ನಿದ್ದೆಗೆಟ್ಟವಳ ಆಣೆ

"ಬುದ್ಧಿ, ಶಿವನಂಜನಿಗೆ ಗದ್ದುಗೆ ಮುಟ್ಟಿಸಿ ಆಣೆ ಇಡಿಸಲೇ?" ಎಂದು ಪರ್ವತಯ್ಯ ಕೇಳಿದ.

ಪರ್ವತಯ್ಯ ಗುರುಗಳ ಶಿಷ್ಯ. ಮಠದ ಪಾರುಪತ್ಯವೂ ಅವನದೇ. ಶಿವನಂಜ ಮಠದ ಅಡುಗೆಯವನು. ಹಿಂದಿನ ದಿನ ಮಧ್ಯಾಹ್ನ ಒಲೆಯ ಮುಂದಿದ್ದ ಸೌದೆಗೆ ಬೆಂಕಿ ತಗುಲಿ ಅಡುಗೆಮನೆಯ ಒಂದು ಮಗ್ಗುಲು ಸುಟ್ಟಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಉರಿಯುವ ಕೊಳ್ಳಿಗಳನ್ನು ಹೊರಗೆಳೆದು ನೀರು ಹಾಕಿಯೇ ಹೋಗಿದ್ದೆ ಎಂದು ಶಿವನಂಜ ಹೇಳುತ್ತಿದ್ದ. ಮೊದಲು ಓಡಿಬಂದವರಿಗೆ ನೀರು ಹಾಕಿದ ಗುರುತು ಎಲ್ಲಿಯೂ ಕಂಡಿರಲಿಲ್ಲ.

"ಎದುರಿಗೇ ಸುಳ್ಳು ಹೇಳ್ತಿದಾನೆ ಬುದ್ಧಿ. ಗದ್ದುಗೆ ಮುಟ್ಟಿ ಹೇಳ್ತೀಯೇನೋ ಅಂದ್ರೆ, ಬೇಕಾದ್ರೆ ಈಗ್ಲೇ ಮುಟ್ತೀನಿ ಅಂತಾನೆ. ಜೊತೆಯವನು ಬಿಟ್ಟುಹೋಗಿ ತಿಂಗಳಾಯ್ತು, ಅವತ್ತಿಂದ ಒಬ್ಬನೇ ಎಲ್ಲಾ ನೋಡ್ಕೋತಿದಾನೆ, ಅದು ನಿಜ. ಹಾಗಂತ ಸುಳ್ಳು ಹೇಳ್ಬಹುದಾ? ಮುಟ್ಟಲಿ. ಆಮೇಲೆ ಅವನ ಪಾಪ ಅವನಿಗೆ."

ಗುರುಗಳು ಕೈ ತೋರಿಸಿ ತಡೆದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ತೆರೆಯಬೇಡ" ಎಂದರು. ಪರ್ವತಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಯಜಮಾನನಿದ್ದ. ಅವನಿಗೆ ರೇಷ್ಮೆಹುಳು ಸಾಕುವ ಮನೆಯಿತ್ತು. ಹುಳುವಿನ ವಿಷಯದಲ್ಲಿ ಸುತ್ತಲಿನ ನಾಲ್ಕಾರು ಊರಿಗೆ ಅವನ ಮಾತೇ ಕಡೆಯ ಮಾತು. ಅದು ಸುಮ್ಮನೆ ಬಂದ ಹೆಸರಲ್ಲ, ನಿಜವಾಗಿಯೂ ಅವನು ತಿಳಿದವನು.

ರೇಷ್ಮೆಹುಳು ಮೊಟ್ಟೆಯೊಡೆದು ಬಂದಾಗಿನಿಂದ ಗೂಡು ಕಟ್ಟುವವರೆಗೆ ನಾಲ್ಕು ಸಲ ಮೇವು ಬಿಡುತ್ತದೆ. ತಲೆಯೆತ್ತಿ ಕೂತುಬಿಡುತ್ತದೆ. ಒಂದು ಹಗಲು ಒಂದು ರಾತ್ರಿ ಅಲುಗುವುದಿಲ್ಲ. ಸಾಕುವವರು ಅದನ್ನು ಹುಳ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಅದು ಜ್ವರವಲ್ಲ, ಒಂದು ಬಗೆಯ ನಿದ್ದೆ. ನೋಡುವವನಿಗೆ ಹುಳು ಸೋಮಾರಿಯಂತೆ ಕಾಣುತ್ತದೆ. ಒಳಗೆ ಅದು ಹಳೆಯ ಚರ್ಮದ ಕೆಳಗೆ ಹೊಸ ಚರ್ಮ ಸಿದ್ಧಮಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಅದನ್ನು ಕೆದಕಿದರೆ ಹಳೆಯ ಚರ್ಮದಿಂದ ಹೊರಬರಲಾರದೆ ಅದರಲ್ಲಿಯೇ ಸಿಕ್ಕಿ ಸಾಯುತ್ತದೆ.

ಯಜಮಾನನಿಗೆ ಇದೆಲ್ಲ ಬಾಯಿಪಾಠ. ಹುಳು ಜ್ವರಕ್ಕೆ ಕೂತ ದಿನ ಅವನು ಸಾಕುಮನೆಯ ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತುತ್ತಿದ್ದ. ಯಾರೂ ಮೆಟ್ಟು ಹಾಕಿಕೊಂಡು ಅಂಗಳ ದಾಟುವಂತಿರಲಿಲ್ಲ. ತಟ್ಟೆಗಳಿಗೆ ಯಾರೂ ಕೈ ಹಚ್ಚುವಂತಿರಲಿಲ್ಲ. ಅವನ ಅತ್ತೆಗೆ ಕೆಮ್ಮು ಬಂದರೆ ಪಾಪ, ಹಿಪ್ಪುನೇರಳೆ ತೋಟದವರೆಗೂ ನಡೆದುಹೋಗಿ ಕೆಮ್ಮಿ ಬರಬೇಕಾಗಿತ್ತು. ಹುಳದ ನಿದ್ದೆಗೆ ಇಷ್ಟೊಂದು ಮರ್ಯಾದೆ ಕೊಡುವವನನ್ನು ನಾನು ಬೇರೆ ಕಂಡಿಲ್ಲ.

ಆ ಹುಳುಗಳನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರಿದ್ದರು. ಸರದಿಯ ಮೇಲೆ ಒಬ್ಬಳು ಎದ್ದಿದ್ದರೆ ಇನ್ನೊಬ್ಬಳು ಮಲಗುತ್ತಿದ್ದಳು. ಒಮ್ಮೆ ಒಬ್ಬಳು ಮಗಳ ಬಾಣಂತನಕ್ಕೆಂದು ಹೋದಳು. ಯಜಮಾನ ಆ ಜಾಗಕ್ಕೆ ಯಾರನ್ನೂ ಕರೆಯಲಿಲ್ಲ. ಉಳಿದವಳು ನಂಬಿಕಸ್ಥೆ, ಚುರುಕಿನವಳು. ಎಲ್ಲವನ್ನೂ ಒಬ್ಬಳೇ ಮಾಡುತ್ತಾಳೆ ಎಂದು ಬಂದವರೆದುರು ಹೊಗಳಿದ. ಹೊಗಳಿಕೆ ಅಗ್ಗದ ವಸ್ತು, ಪರ್ವತಯ್ಯ. ಅದನ್ನು ಕೊಡುವವನಿಗೆ ಏನೂ ಕಡಿಮೆಯಾಗುವುದಿಲ್ಲ.

ನಾಲ್ಕನೆಯ ಜ್ವರ ಕಳೆಯಿತು. ಜ್ವರದಿಂದೆದ್ದ ಹುಳು ಆಮೇಲೆ ಏಳೆಂಟು ದಿನ ಹಗಲು ರಾತ್ರಿ ತಿನ್ನುತ್ತದೆ. ಆ ಹೆಂಗಸು ಸೊಪ್ಪು ಕೊಯ್ದು ತರಬೇಕು, ತಟ್ಟೆತಟ್ಟೆಗೂ ಹಾಸಬೇಕು, ಕಸ ತೆಗೆಯಬೇಕು, ಮತ್ತೆ ಸೊಪ್ಪು ಹಾಸಬೇಕು. ಒಂದು ಕೊನೆಯಿಂದ ಇನ್ನೊಂದು ಕೊನೆ ಮುಟ್ಟುವಷ್ಟರಲ್ಲಿ ಮೊದಲ ತಟ್ಟೆ ಖಾಲಿಯಾಗಿರುತ್ತಿತ್ತು. ಇನ್ನೊಂದು ಕೆಲಸವಿತ್ತು. ತಟ್ಟೆ ಜೋಡಿಸುವ ಮರದ ಚೌಕಟ್ಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಾರೆ. ಇರುವೆ ಹತ್ತಬಾರದೆಂದು. ಅದು ಬೇಸಿಗೆ, ಬಟ್ಟಲುಗಳು ಆಳವಿಲ್ಲದವು. ಒಂದು ದಿನ ನೀರು ಹುಯ್ಯುವುದು ತಪ್ಪಿದರೂ ಮರುದಿನಕ್ಕೆ ಒಣಗುತ್ತಿದ್ದವು.

ಮೂರನೆಯ ದಿನ ಅವಳು ಯಜಮಾನನ ಮುಂದೆ ನಿಂತಳು.

"ಒಂದೆರಡು ಗಂಟೆ ಮಲಗ್ಬರ್ಲಾ ಯಜಮಾನ್ರೇ? ತಲೆ ಧಿಂ ಅಂತೈತೆ" ಎಂದಳು.

"ಮಲಗವ್ವ, ಯಾರು ಬ್ಯಾಡ ಅಂದೋರು? ಹುಳ ತಿನ್ನೋ ಹೊತ್ತು. ನಿನ್ನಿಷ್ಟ, ನಿಂಗೇ ಬಿಟ್ಟಿದ್ದು" ಎಂದ ಯಜಮಾನ.

ಅವಳು ತಟ್ಟೆಗಳ ಕಡೆ ನೋಡಿದಳು. ಹುಳುಗಳು ಕಡ್ಡಿ ಬಿಟ್ಟು ಮಿಕ್ಕದ್ದನ್ನೆಲ್ಲ ತಿಂದು ತಲೆಯಾಡಿಸುತ್ತಿದ್ದವು. ಬುಟ್ಟಿ ಎತ್ತಿಕೊಂಡು ತೋಟಕ್ಕೆ ಹೋದಳು. ಯಜಮಾನ ಅವಳಿಗೆ ಕಾಫಿ ಮಾಡಿಸಿ ಕೊಡಿಸಿದ. ತಾನು ಎಂಥ ಒಳ್ಳೆಯವನೆಂದು ತನಗೇ ಅನಿಸಿರಬೇಕು, ಅಂದಿನಿಂದ ಹೊತ್ತುಹೊತ್ತಿಗೂ ಕಾಫಿ ಕಳಿಸಿದ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿದ್ದೆಯೆಂದರೆ ನಿನಗೆ ಏನು ಗೊತ್ತು? ಅದು ಸೋಮಾರಿಗಳ ಸೊತ್ತು, ಮನಸ್ಸು ಗಟ್ಟಿಯಿದ್ದರೆ ಗೆಲ್ಲಬಹುದು ಎಂದುಕೊಂಡಿದ್ದೀಯೆ. ಮಠದಲ್ಲಿ ಬೆಳೆದವರೆಲ್ಲ ಹೀಗೆಯೇ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ತಲೆಯೊಳಗಿನದನ್ನು ಓದಿ ತಿಳಿದವರು ಹೇಳುವುದು ಬೇರೆ. ಮನುಷ್ಯ ಎದ್ದ ಗಳಿಗೆಯಿಂದ ಅವನ ಮಿದುಳಿನಲ್ಲಿ ಒಂದು ವಸ್ತು ಕೂಡುತ್ತಾ ಹೋಗುತ್ತದೆ. ಎಚ್ಚರವಿದ್ದಷ್ಟೂ ಅದು ಹೆಚ್ಚುತ್ತದೆ, ಅದು ಹೆಚ್ಚಿದಷ್ಟೂ ನಿದ್ದೆಯ ಒತ್ತಡ ಹೆಚ್ಚುತ್ತದೆ. ಮಲಗಿದರೆ ಅದು ಇಳಿಯುತ್ತದೆ. ಬೇರೆ ದಾರಿಯಿಲ್ಲ. ಕಾಫಿ ಕುಡಿದರೆ ಅದು ಇಳಿಯುವುದಿಲ್ಲ, ಇರುವುದು ಗೊತ್ತಾಗುವುದಿಲ್ಲ ಅಷ್ಟೆ. ಯಜಮಾನನ ಔದಾರ್ಯದ ಗುಣ ಇದು.

ಇದರ ಜೊತೆಗೆ, ಕಣ್ಣುಗಳ ಹಿಂದೆ ಮಿದುಳಿನಲ್ಲಿ ಹೊತ್ತು ತಿಳಿಯುವ ಒಂದು ಸಣ್ಣ ಜಾಗವಿದೆ. ಬೆಳಕನ್ನು ಕಂಡು ಅದು ತನ್ನ ಹೊತ್ತನ್ನು ಸರಿಮಾಡಿಕೊಳ್ಳುತ್ತದೆ. ಇದು ಏಳುವ ಹೊತ್ತು, ಇದು ಮಲಗುವ ಹೊತ್ತು ಎಂದು ಮೈಗೆಲ್ಲ ತಿಳಿಸುತ್ತದೆ. ನಿದ್ದೆಗೆಟ್ಟವನಿಗೂ ಬೆಳಗಾದ ಮೇಲೆ ಪರವಾಗಿಲ್ಲ ಎನಿಸುವುದು ಅದರಿಂದಲೇ. ಒತ್ತಡ ಹಾಗೆಯೇ ಇರುತ್ತದೆ, ಹೊತ್ತು ಮಾತ್ರ ಎಚ್ಚರದ್ದು. ಇವೆರಡೂ ಸೇರಿ ನಿನ್ನನ್ನು ಮಲಗಿಸುತ್ತವೆ, ಎಬ್ಬಿಸುತ್ತವೆ. ನಿನ್ನ ಪಾರುಪತ್ಯ ಅಲ್ಲಿ ನಡೆಯುವುದಿಲ್ಲ, ಪರ್ವತಯ್ಯ.

ಯಜಮಾನ ದಿನವೂ ಬೆಳಿಗ್ಗೆ ಸಾಕುಮನೆಗೆ ಬರುತ್ತಿದ್ದ. ಆ ಹೆಂಗಸು ಓಡಾಡುತ್ತಿರುವುದು ಕಾಣುತ್ತಿತ್ತು. ಹೇಗಿದ್ದೀಯೆ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ನಿದ್ದೆಗೆಟ್ಟು ಕೆಲವು ದಿನ ಕಳೆದರೆ ತಾನೆಷ್ಟು ಕೆಟ್ಟಿದ್ದೇನೆ ಎಂದು ತಿಳಿಯುವ ಶಕ್ತಿಯೂ ಕುಂದುತ್ತದೆ. ಕುಡಿದವನು ನಾನು ಕುಡಿದೇ ಇಲ್ಲ ಎನ್ನುತ್ತಾನಲ್ಲ, ಹಾಗೆ.

ಆರನೆಯ ದಿನದ ಹೊತ್ತಿಗೆ ಅವಳು ಎಲ್ಲ ಸೇರಿಸಿದರೂ ಒಂದು ರಾತ್ರಿಯಷ್ಟು ಮಲಗಿರಲಿಲ್ಲ. ಮಲಗಿದ್ದೂ ಸೊಪ್ಪಿನ ರಾಶಿಗೆ ಒರಗಿ, ತುಣುಕು ತುಣುಕಾಗಿ. ಒತ್ತಡ ಅಷ್ಟಾದಾಗ ಮಿದುಳು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕಣ್ಣು ಬಿಟ್ಟಿರುವಂತೆಯೇ ನಾಲ್ಕೈದು ಕ್ಷಣ ಮಲಗಿಬಿಡುತ್ತದೆ. ಕೆಲವು ಸಲ ಅದರ ಒಂದು ಭಾಗ ಮಲಗಿರುತ್ತದೆ, ಇನ್ನೊಂದು ಭಾಗ ಎದ್ದಿರುತ್ತದೆ. ಕೈ ಸೊಪ್ಪು ಹಾಸುತ್ತಲೇ ಇರುತ್ತದೆ. ನೋಡುವವನಿಗೆ ಗೊತ್ತಾಗುವುದಿಲ್ಲ, ಮಲಗಿದವನಿಗೂ ಗೊತ್ತಾಗುವುದಿಲ್ಲ.

ಏಳನೆಯ ದಿನ ಬೆಳಿಗ್ಗೆ ಎರಡು ಚೌಕಟ್ಟುಗಳ ತುಂಬ ಕೆಂಪಿರುವೆ ಹತ್ತಿತ್ತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಅವು. ಯಜಮಾನ ಬಂದು ನೋಡಿ ಬಾಯಿ ಬಡಿದುಕೊಂಡ. ಬಗ್ಗಿ ನೋಡಿದರೆ ಬಟ್ಟಲುಗಳು ತಳದ ಕೆಸರು ಬಿರುಕು ಬಿಡುವಷ್ಟು ಒಣಗಿದ್ದವು.

ನೀರು ಹುಯ್ಯಲಿಲ್ಲವೇ ಎಂದು ಕೇಳಿದ. ಹುಯ್ದಿದ್ದೇನೆ ಎಂದಳು. ಯಾವಾಗ ಎಂದ. ನಿನ್ನೆ ಹೊತ್ತಾರೆ ಎಂದಳು. ಕೊಡ ಹೊತ್ತು ತಂದದ್ದು, ಮೂಲೆಯ ಬಟ್ಟಲು ತುಂಬಿ ಚೆಲ್ಲಿದ್ದು, ಚೆಲ್ಲಿದ್ದನ್ನು ಸೆರಗಿನಿಂದ ಒರೆಸಿದ್ದು ಎಲ್ಲವನ್ನೂ ಹೇಳಿದಳು. ಅಷ್ಟು ವಿವರವಾಗಿ ಹೇಳಿದ್ದು ಯಜಮಾನನಿಗೆ ಇನ್ನಷ್ಟು ಸಿಟ್ಟು ತರಿಸಿತು. ಬೇಕೆಂದೇ ಹುಳು ಕೆಡಿಸಿದ್ದಾಳೆ, ಈಗ ಕತೆ ಕಟ್ಟುತ್ತಿದ್ದಾಳೆ ಎಂದು ಊರಿನ ಹಿರಿಯರನ್ನು ಕರೆಸಿದ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಮಾತಿಗೆ ಮಾತು ಬಂದರೆ ದೇವರ ಮುಂದೆ ಕರ್ಪೂರ ಹಚ್ಚುತ್ತಾರೆ. ತನ್ನ ಮಾತು ನಿಜ ಎನ್ನುವವನು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಸುಳ್ಳಾಣೆ ಇಟ್ಟವರನ್ನು ಊರು ಹತ್ತಿರ ಸೇರಿಸುವುದಿಲ್ಲ. ಅವರಿಗೆ ಯಾರೂ ಕೆಲಸ ಕೊಡುವುದಿಲ್ಲ, ಅವರ ಕೈಯ ನೀರನ್ನು ಯಾರೂ ಕುಡಿಯುವುದಿಲ್ಲ. ಇದು ಆ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಹಿಂದೆಮುಂದೆ ನೋಡಲಿಲ್ಲ. ನೆಟ್ಟಗೆ ನಡೆದುಬಂದು, ನಿನ್ನೆ ನಾನು ನೀರು ಹುಯ್ದದ್ದು ನಿಜ ಎಂದು ಅಂಗೈ ಊರಿದಳು.

ಒಬ್ಬ ಹಿರಿಯ ಹೋಗಿ ಬಟ್ಟಲುಗಳನ್ನು ನೋಡಿ ಬಂದ. ಹಿಂದಿನ ದಿನ ನೀರು ಕಂಡ ಬಟ್ಟಲುಗಳಲ್ಲ ಅವು ಎಂದು ಹೇಳಿದ. ಅಲ್ಲಿಗೆ ಮುಗಿಯಿತು. ಅವಳು ಸುಳ್ಳಾಣೆಯವಳಾದಳು.

ಊರು ಅವಳನ್ನು ದೂರವಿಟ್ಟಿತು. ಅದನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಊರು ತಪ್ಪು, ನಾನು ಸರಿ ಎಂದುಕೊಂಡು ಬದುಕಿದವರು ಎಷ್ಟೋ ಜನರಿದ್ದಾರೆ. ಅವಳಿಗೆ ಅದೂ ಉಳಿಯಲಿಲ್ಲ. ಒಣಗಿದ ಬಟ್ಟಲನ್ನು ಅವಳೂ ಕಂಡಿದ್ದಳು. ನೀರು ಹುಯ್ದದ್ದೂ ಅವಳ ಕಣ್ಣ ಮುಂದೆ ಇತ್ತು. ದೇವರ ಮುಂದೆ ತಾನು ಸುಳ್ಳು ಹೇಳಿದೆ, ಅದೂ ತನಗೇ ಗೊತ್ತಿಲ್ಲದೆ ಹೇಳಿದೆ ಎಂದು ಹೆದರಿದಳು. ಮನೆ ಸೇರಿ ಬಾಗಿಲು ಹಾಕಿಕೊಂಡಳು.

ಆ ಊರಿಗೆ ವಾರಕ್ಕೊಮ್ಮೆ ಒಬ್ಬ ಡಾಕ್ಟರಮ್ಮ ಬರುತ್ತಿದ್ದಳು. ಸುದ್ದಿ ಕೇಳಿ ಆ ಹೆಂಗಸಿನ ಮನೆಗೆ ಹೋದಳು. ಯಾವ ದಿನ ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದಳು. ಅಷ್ಟೂ ಜನರಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಅಲ್ಲಿಂದ ನೇರವಾಗಿ ಯಜಮಾನನ ಅಂಗಳಕ್ಕೆ ಬಂದಳು.

"ಆಕೆ ಸುಳ್ಳು ಹೇಳಿಲ್ಲ ಯಜಮಾನ್ರೇ. ನೀರು ಹುಯ್ದಿದ್ದು ನಿಜ, ಆದ್ರೆ ಆಕೆ ಹೇಳಿದ ದಿನ ಅಲ್ಲ, ಅದರ ಹಿಂದಿನ ದಿನ. ನಾವು ಮಾಡಿದ್ದು, ಕಂಡಿದ್ದು ತಲೇಲಿ ಸರಿಯಾಗಿ ಕೂರೋದು ನಿದ್ದೇಲಿ. ನಿದ್ದೆ ಇಲ್ಲದೋರಿಗೆ ನಿನ್ನೆ ಯಾವ್ದು, ಮೊನ್ನೆ ಯಾವ್ದು ಅಂತ ಕಲಸಿಹೋಗತ್ತೆ" ಎಂದಳು.

"ಕಣ್ಣು ಬಿಟ್ಕಂಡೇ ಇದ್ಲಲ್ಲ ಡಾಕ್ಟ್ರಮ್ಮ, ನಾನೇ ನೋಡಿವ್ನಿ."

"ಜ್ವರಕ್ಕೆ ಕೂತ ಹುಳಾನ ಕೆದಕಿದರೆ ಏನಾಗತ್ತೆ ಅಂತ ನಿಮಗೆ ಗೊತ್ತಲ್ವಾ?"

"ಅದು ಗೊತ್ತಿಲ್ದೆ ಇರ್ತದಾ? ಹಳೇ ಚರ್ಮದಾಗೇ ಸಿಕ್ಕಂಡು ಸತ್ತೋಯ್ತದೆ."

"ಇಷ್ಟು ತಿಳಿದವರು ನೀವು. ಆಕೆಗೆ ಮಾತ್ರ ನಿದ್ದೆ ಬೇಡ ಅಂದ್ಕೊಂಡ್ರಾ?"

"ಹುಳ ಬ್ಯಾರೆ, ಆಳು ಬ್ಯಾರೆ" ಎಂದ ಯಜಮಾನ.

ಈ ಮಾತು ಹೇಳುವಾಗ ಅವನಿಗೆ ನಾಚಿಕೆಯಾಗಲಿಲ್ಲ. ಅವನು ತಮಾಷೆಗೆ ಹೇಳಿದ್ದೂ ಅಲ್ಲ. ಒಂದು ತಟ್ಟೆಯಲ್ಲಿ ನೂರು ಹುಳು ಮಲಗಿದರೆ ಉಸಿರು ಬಿಗಿಹಿಡಿಯುವ ಮನುಷ್ಯ, ತನ್ನೆದುರು ತೂಗಾಡುತ್ತ ನಿಂತ ಹೆಂಗಸಿಗೆ ಕಾಫಿ ಕಳಿಸಿದ. ನನಗೆ ಸಿಟ್ಟು ಬರುತ್ತದೆ, ಪರ್ವತಯ್ಯ. ತಿಳಿಯದವನು ಮಾಡಿದರೆ ಕ್ಷಮಿಸಬಹುದು. ಇವನು ಎಲ್ಲ ತಿಳಿದವನು.

ಡಾಕ್ಟರಮ್ಮ ಬಿಡಲಿಲ್ಲ. ಹಿರಿಯರನ್ನು ಮತ್ತೆ ಸೇರಿಸಿದಳು. ಆ ಹೆಂಗಸಿನ ಮೇಲಿನ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಕೇಳಿದಳು. ಹಿರಿಯರಲ್ಲಿ ಒಬ್ಬ ಯಜಮಾನನ ಕಡೆ ತಿರುಗಿ, ಅವಳನ್ನು ಮಲಗಲು ಬಿಡಲಿಲ್ಲವಂತೆ, ಹೌದೇ ಎಂದು ಕೇಳಿದ.

ಯಜಮಾನ ನೊಂದವನಂತೆ ಎದ್ದು ನಿಂತ. ಮಲಗಬೇಡ ಎಂದು ತಾನು ಒಂದು ದಿನವೂ ಹೇಳಿಲ್ಲ, ನಿನ್ನಿಷ್ಟ ಎಂದೇ ಹೇಳಿದ್ದೆ, ಬೇಕಾದರೆ ಅವಳನ್ನೇ ಕೇಳಿ ಎಂದ.

ಅವಳನ್ನು ಕೇಳಿದರು. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಇಲ್ಲ, ಹಾಗೆ ಹೇಳಿರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಅವಳು ಪಾರಾಗುತ್ತಿದ್ದಳು. ಹೌದು, ಯಜಮಾನರು ಹಾಗೆಯೇ ಹೇಳಿದ್ದು ಎಂದಳು.

ಕರ್ಪೂರ ಹಚ್ಚಿದರು. ಮಲಗಬೇಡ ಎಂದು ನಾನು ಹೇಳಿಲ್ಲ ಎಂದು ಯಜಮಾನ ಅಂಗೈ ಊರಿ ಆರಿಸಿದ. ಅವನು ಹಿಂಜರಿಯಲಿಲ್ಲ. ಏಕೆ ಹಿಂಜರಿಯಬೇಕು? ಅವನ ಮಾತು ಅಕ್ಷರ ಅಕ್ಷರವೂ ನಿಜ. ನಿಜ ಹೇಳಿದ ಹೆಂಗಸಿನ ಆಣೆ ಸುಳ್ಳಾಯಿತು. ಈ ಮನುಷ್ಯನ ಆಣೆ ನಿಜವಾಯಿತು. ಹಿರಿಯರು ಅವಳ ಮೇಲಿನ ಮಾತನ್ನು ಹಾಗೆಯೇ ಬಿಟ್ಟು, ಕೈ ಮುಗಿದು ಮನೆಗೆ ಹೋದರು.

ಆ ಹೆಂಗಸು ಊರು ಬಿಟ್ಟು ಅಕ್ಕನ ಮನೆ ಸೇರಿದಳು. ಡಾಕ್ಟರಮ್ಮ ಒಮ್ಮೆ ಅಲ್ಲಿಗೂ ಹೋಗಿ ನೋಡಿ ಬಂದಳು. ಆ ಹೆಂಗಸು ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದಳು, ಮೈ ಸುಧಾರಿಸಿತ್ತು. ಆದರೆ ಒಲೆ ಆರಿಸಿದ ಮೇಲೆ ಅಕ್ಕನನ್ನು ಕರೆದು, ಆರಿಸಿದ್ದೀನಾ ನೋಡಕ್ಕ ಎಂದು ಕೇಳುತ್ತಿದ್ದಳು. ಬಾಗಿಲು ಹಾಕಿದ ಮೇಲೆ ಮತ್ತೆ ಕರೆದು, ಹಾಕಿದ್ದೀನಾ ನೋಡಕ್ಕ ಎನ್ನುತ್ತಿದ್ದಳು. ಅಕ್ಕ ಹೌದು ಎಂದರೂ ಹೋಗಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಯಜಮಾನ ಮುಂದಿನ ಬೆಳೆಗೆ ಬೇರೆ ಒಬ್ಬಳನ್ನು ಕರೆದುಕೊಂಡ. ಅವಳೂ ಒಬ್ಬಳೇ. ಅವಳೂ ಬಹಳ ಚುರುಕು ಎಂದು ಹೊಗಳುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದ ಆಚೆ ಸುಟ್ಟ ತೊಲೆಗಳನ್ನು ಎಳೆದು ಹಾಕುವ ಸದ್ದು ಕೇಳುತ್ತಿತ್ತು. ಶಿವನಂಜನೇ ಎಳೆಯುತ್ತಿದ್ದ.

"ಈಗ ಹೇಳು. ಅವನಿಗೆ ಆಣೆ ಇಡಿಸುತ್ತೀಯಾ?" ಎಂದು ಗುರುಗಳು ಕೇಳಿದರು.

"ಇಲ್ಲ ಬುದ್ಧಿ" ಎಂದ ಪರ್ವತಯ್ಯ. ತಲೆ ತಗ್ಗಿಸಿದ. ಆಮೇಲೆ ಮನಸ್ಸು ತಡೆಯದೆ ಮತ್ತೆ ಹೇಳಿದ. "ಆದರೂ ಒಂದು ಮಾತು ಬುದ್ಧಿ. ಶಿವನಂಜನಿಗೆ ಮಲಗಬೇಡ ಅಂತ ನಾನು ಯಾವತ್ತೂ ಹೇಳಿಲ್ಲ."

"ಆ ಯಜಮಾನನೂ ಹೇಳಿರಲಿಲ್ಲ" ಎಂದರು ಗುರುಗಳು.